ಸಸಿಯೊಡನೆ ಕೊಡಬೇಕಾದ ಮಾತು

ಲಾಲ್‌ಬಾಗಿನ ಆಸುಪಾಸಿನ ನರ್ಸರಿಗಳಲ್ಲಿ ಸಸಿಯನ್ನು ಕೊಂಡು, ಇದಕ್ಕೆ ನೀರೆಷ್ಟು ಬೇಕೆಂದು ವಿಚಾರಿಸಿದವರಿಗೆ ಬಹುಮಟ್ಟಿಗೆ ದೊರೆಯುವ ಉತ್ತರ ಒಂದೇ: “ದಿನಾ ಒಂದು ಚೊಂಬು ಹಾಕಿ ಸ್ವಾಮಿ, ಚೆನ್ನಾಗಿ ಬರುತ್ತೆ.” ಗುಲಾಬಿಗೂ ಅದೇ ಮಾತು, ಕಳ್ಳಿಗೂ ಅದೇ ಮಾತು. ಸುಮಾರು 100 ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಮೇಲಕ್ಕೆ ಏರಿಸಿ ತಂದ ಕಾವೇರಿಯನ್ನು ನೆಚ್ಚಿರುವ, 2024ರ ಮಾರ್ಚಿನಲ್ಲಿ ಕುಡಿಯುವ ನೀರನ್ನು ಕೈತೋಟಕ್ಕೆ ಸುರಿದವರಿಗೆ 5,000 ರೂಪಾಯಿ ದಂಡವೆಂದು ಜಲಮಂಡಳಿಯು ಸಾರಬೇಕಾಗಿ ಬಂದ ಈ ನಗರಕ್ಕೆ, ಆ ಉಪದೇಶವು ಬಹಳ ದುಬಾರಿಯಾದುದು.

ಗಿಡಗಳೆಲ್ಲವೂ ಒಂದೇ ಬಗೆಯಾಗಿ ಬಾಳುವುದಿಲ್ಲವೆಂಬುದಕ್ಕೆ ದೊರೆತ ಹಳೆಯ ಸುಳಿವೊಂದು ಲಾಲ್‌ಬಾಗಿನ ನಂಟುಳ್ಳದ್ದೇ ಆಗಿದೆ. ಕಂಪೆನಿ ಸರ್ಕಾರದ ಕಾಲದಲ್ಲಿ ಈ ತೋಟದ ಮೇಲ್ವಿಚಾರಣೆಯನ್ನು ವಹಿಸಿದ್ದ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಹೈನೆಯು, ಕಾಡುಬಸಳೆಯ ಎಲೆಯು ಮುಂಜಾನೆ ಹುಳಿಯಾಗಿಯೂ ಮಧ್ಯಾಹ್ನದ ವೇಳೆಗೆ ಸಪ್ಪೆಯಾಗಿಯೂ ಇರುವುದನ್ನು ನಾಲಗೆಯಿಂದಲೇ ಅರಿತು, ಅದನ್ನು ಲಂಡನ್ನಿನ ಲಿನಿಯನ್ ಸೊಸೈಟಿಗೆ ಬರೆದು ತಿಳಿಸಿದನು. ಆ ಪತ್ರ 1815ರಲ್ಲಿ ಅಚ್ಚಾಯಿತು. ಅದರ ಮರ್ಮ ತಿಳಿದದ್ದು ಬಹುಕಾಲದ ಮೇಲೆ. ಸಾಮಾನ್ಯ ಗಿಡಗಳು ಹಗಲಿನಲ್ಲಿ ಪತ್ರರಂಧ್ರಗಳನ್ನು ತೆರೆದು ಅಂಗಾರಾಮ್ಲವಾಯುವನ್ನು ಒಳಕ್ಕೆ ಕೊಳ್ಳುವಾಗ, ಅದೇ ಬಾಗಿಲಿನಿಂದ ನೀರು ಆವಿಯಾಗಿ ಹೊರಟುಹೋಗುವುದು. ಕಾಡುಬಸಳೆ, ಲೋಳೆಸರ, ಭೂತಾಳೆ, ಅನಾನಸುಗಳಾದರೋ ಬಿಸಿಲಿನಲ್ಲಿ ಬಾಗಿಲನ್ನು ಮುಚ್ಚಿ, ತಂಪಾದ ಇರುಳಿನಲ್ಲಿ ತೆರೆದು, ಒಳಗೊಂಡ ವಾಯುವನ್ನು ಹುಳಿಯ ರೂಪದಲ್ಲಿ ಕೂಡಿಟ್ಟು, ಹಗಲಾದ ಮೇಲೆ ಆ ಹುಳಿಯನ್ನು ಕರಗಿಸಿ ಆಹಾರವನ್ನು ಮಾಡಿಕೊಳ್ಳುತ್ತವೆ. ಇಂತಹ ಮಿತವ್ಯಯಿಗೆ ದಿನವೂ ಒಂದು ಚೊಂಬು ನೀರೆರೆದರೆ ಬೇರು ಕೊಳೆಯುವುದೇ ಫಲ.

ನರ್ಸರಿಯವರು ಇದನ್ನು ಉಪನ್ಯಾಸವಾಗಿ ಹೇಳಬೇಕಾಗಿಲ್ಲ. ಹೂವಿನ ಬಣ್ಣಕ್ಕೂ ಬೆಲೆಗೂ ಅನುಸಾರವಾಗಿ ಜೋಡಿಸಿರುವ ಸಸಿಗಳನ್ನು ಅವುಗಳ ದಾಹಕ್ಕೆ ಅನುಸಾರವಾಗಿ ಜೋಡಿಸಿ, ಕಾಗದದ ಹೂ, ಕಣಗಿಲೆ, ನಿತ್ಯಪುಷ್ಪಗಳನ್ನು ಒಂದು ಸಾಲಿನಲ್ಲಿಯೂ, ಜರಿಗಿಡದಂತಹ ತೇವಪ್ರಿಯರನ್ನು ಇನ್ನೊಂದರಲ್ಲಿಯೂ ಇಟ್ಟರೆ ಸಾಕು. ಕೊಂಡವರು ಮನೆಯಲ್ಲಿಯೂ ಹಾಗೆಯೇ ಇಡುವರು. ಎಲ್ಲವನ್ನೂ ಬೆರಸಿ ನೆಟ್ಟ ಕೈತೋಟದಲ್ಲಿ, ಅತ್ಯಂತ ದಾಹವುಳ್ಳ ಗಿಡದ ಅಳತೆಯೇ ಎಲ್ಲಕ್ಕೂ ಅಳತೆಯಾಗಿಬಿಡುತ್ತದೆ.

ಕುಂಡದ ವಿಷಯವೂ ಹಾಗೆಯೇ. ಹೂಜಿಯ ನೀರು ಯಾವ ಕಾರಣದಿಂದ ತಂಪಾಗುವುದೋ ಅದೇ ಕಾರಣದಿಂದ ಮಣ್ಣಿನ ಕುಂಡದ ತೇವವೂ ಗೋಡೆಯ ಮೂಲಕ ಆವಿಯಾಗಿ ಹೋಗುವುದಾದುದರಿಂದ, ಲೋಳೆಸರಕ್ಕೆ ಅದು ಹಿತವಾದರೂ, ನೀರು ಬೇಡುವ ಗಿಡಕ್ಕೆ ಮೆರುಗಿಟ್ಟ ಕುಂಡವೇ ಲೇಸು. ಕುಂಡದ ಮೇಲೆ ಎರಡು ಬೆರಳು ದಪ್ಪ ತರಗೆಲೆ ಹರಡಿದರೆ, ಬಿಸಿಲೂ ಗಾಳಿಯೂ ಮಣ್ಣನ್ನು ನೇರವಾಗಿ ಮುಟ್ಟಲಾರವು. ರಸ್ತೆಯ ಬದಿಯಲ್ಲಿ ಸುಟ್ಟು ಹೊಗೆಯಾಗುವ ಆ ತರಗೆಲೆಯನ್ನೇ ಚೀಲದಲ್ಲಿ ತುಂಬಿ ಸಸಿಯೊಡನೆ ಕೊಡಬಾರದೇಕೆ?

ನಾನು ಎಲ್ಲಕ್ಕಿಂತ ಮುಖ್ಯವೆಂದು ಎಣಿಸುವುದು ಕಾಲವನ್ನು. ಜನವರಿಯ ಫಲಪುಷ್ಪ ಪ್ರದರ್ಶನಕ್ಕೆ ಬಂದವರು ಉತ್ಸಾಹದಿಂದ ಕೊಂಡೊಯ್ಯುವ ಸಸಿಯು, ಬೇರು ಆಳಕ್ಕಿಳಿಯುವ ಮೊದಲೇ ಬೇಸಿಗೆಗೆ ಸಿಲುಕಿ, ಕೊಡಗಟ್ಟಲೆ ನೀರನ್ನು ಬೇಡುತ್ತದೆ. ಮುಂಗಾರಿನಲ್ಲಿ ನೆಟ್ಟರೆ ಅದೇ ಸಸಿಗೆ ಮಳೆಯೇ ನೀರೆರೆಯುವುದು. ಆದುದರಿಂದ ದಾಸವಾಳವನ್ನು ಕೇಳಿ ಬಂದವರಿಗೆ, “ಇದನ್ನು ಜೂನಿನಲ್ಲಿ ಒಯ್ಯಿರಿ ಅಮ್ಮಾ, ಈಗ ಬೇಕಾದರೆ ಈ ಕಾಡುಬಸಳೆಯ ಎಲೆಯೊಂದನ್ನು ಮಣ್ಣಿನ ಮೇಲೆ ಇಡಿ, ಅಂಚಿನಲ್ಲೇ ಮರಿ ಬರುತ್ತದೆ” ಎಂದು ಹೇಳಿ ಕಳುಹಿಸುವ ಅಂಗಡಿಯನ್ನು ಕಾಣುವ ಆಸೆ ನನಗಿದೆ.