ಸರ್ವರ್ ಕೆಟ್ಟರೂ ಸೇವೆ ನಿಲ್ಲದಂತೆ: ಸದಸ್ಯರಿಗೆ ತಿಳಿವಳಿಕೆ

ಇ-ಸ್ವತ್ತು ತಂತ್ರಾಂಶದ ನಮೂನೆ-9 ಮತ್ತು 11, ಪಂಚತಂತ್ರದ ಲೆಕ್ಕಪತ್ರಗಳು ಇವೆಲ್ಲವುಗಳ ದತ್ತಾಂಶವು ಪಂಚಾಯತಿ ಕಚೇರಿಯ ಗಣಕಯಂತ್ರದಲ್ಲಿರದೆ ದೂರದ ಸರ್ವರ್‌ಗಳಲ್ಲಿರುತ್ತದೆ. ಒಂದು ಸರ್ವರ್ ಕೆಟ್ಟರೂ ಇಂತಹ ಸೇವೆ ಸ್ಥಗಿತಗೊಳ್ಳದಂತೆ ಮಾಡುವ ಕ್ರಮವನ್ನೂ ಅದರ ಮಿತಿಯನ್ನೂ ಸದಸ್ಯರು ಅರಿತಿರುವುದು ಅವಶ್ಯ.

1. ನಕಲು: ಮುಖ್ಯ ಸರ್ವರ್‌ನ ಪ್ರತಿಯೊಂದು ನಮೂದನ್ನೂ ಎರಡನೆಯ ಸರ್ವರ್‌ಗೆ ನಕಲಿಸಲಾಗುತ್ತದೆ. ಎರಡೂ ಕಡೆ ಬರೆದ ಬಳಿಕವೇ ‘ದಾಖಲಾಯಿತು’ ಎಂದು ತಿಳಿಸಿದರೆ ವಿಳಂಬವಾದರೂ ನಷ್ಟವಿಲ್ಲ. ಮೊದಲು ತಿಳಿಸಿ ಅನಂತರ ನಕಲಿಸಿದರೆ ವೇಗ ಹೆಚ್ಚು. ಆದರೆ ಅವಘಡದಲ್ಲಿ ಕೊನೆಯ ಕೆಲವು ನಮೂದುಗಳು ಕಳೆದುಹೋಗಬಹುದು.

2. ಬಹುಮತ: ಸರ್ವರ್‌ಗಳ ನಡುವಿನ ಸಂಪರ್ಕ ಮಾತ್ರ ಕಡಿದಾಗ, ಎರಡೂ ತಾವೇ ಮುಖ್ಯವೆಂದು ಬಗೆದು ಬೇರೆ ಬೇರೆ ದಾಖಲೆ ಬರೆಯುವ ಅಪಾಯವಿದೆ. ಆದುದರಿಂದ ಸಾಕ್ಷಿಯಾಗಿ ಮೂರನೆಯ ಸರ್ವರ್ ಇರಿಸಿ, ಬಹುಮತವಿರುವ ಕಡೆ ಮಾತ್ರ ಕಾರ್ಯ ಮುಂದುವರಿಸಲಾಗುತ್ತದೆ. ಕೋರಂ ಇಲ್ಲದೆ ಸಭೆ ನಡೆಯದಿರುವಂತೆಯೇ ಇದು.

3. ಮಿತಿ: ತಪ್ಪು ನಮೂದು ಸಹ ಎರಡೂ ಕಡೆ ಹಾಗೆಯೇ ನಕಲಾಗುತ್ತದೆ. ಆದುದರಿಂದ ದಿನಾಂಕವಾರು ಬ್ಯಾಕಪ್ ಪ್ರತ್ಯೇಕವಾಗಿರಬೇಕು; ಸ್ವತ್ತಿನ ಅಳತೆ, ಚಕ್ಕುಬಂದಿ ಹಾಗೂ ಮಾಲೀಕರ ಹೆಸರನ್ನು ಅನುಮೋದನೆಗೆ ಮುನ್ನವೇ ಪರಿಶೀಲಿಸಬೇಕು.

4. ಪಂಚಾಯತಿಯ ಪಾತ್ರ: ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಮಳೆಗಾಲದಲ್ಲಿ ಮರ ಬಿದ್ದು ವಿದ್ಯುತ್ ತಂತಿ ಅಥವಾ ಕೇಬಲ್ ತುಂಡಾದರೆ, ಸರ್ವರ್ ಸುಸ್ಥಿತಿಯಲ್ಲಿದ್ದರೂ ಕಚೇರಿಗೆ ಸೇವೆ ದೊರೆಯದು. ಯುಪಿಎಸ್ ಬ್ಯಾಟರಿಯ ಸ್ಥಿತಿ ಹಾಗೂ ಪರ್ಯಾಯ ಅಂತರ್ಜಾಲ ಸಂಪರ್ಕದ ಕುರಿತು ಮಳೆಗಾಲಕ್ಕೆ ಮುನ್ನ ಸಾಮಾನ್ಯ ಸಭೆಯಲ್ಲಿ ಚರ್ಚಿಸಿ ನಿರ್ಣಯ ಕೈಗೊಳ್ಳಲು ಕೋರಲಾಗಿದೆ.