ಗಂಜಿ ಮುಗಿದ ಮೇಲೂ ಉಳಿದ ವಿಶ್ವಾಸ

1876ರ ಧಾತು ಸಂವತ್ಸರದಲ್ಲಿ ಮಳೆ ಕೈಕೊಟ್ಟಿತು. ಆಗ ನಿಜಾಮರ ಆಡಳಿತದಲ್ಲಿದ್ದ ಕುಷ್ಟಗಿ, ಕೊಪ್ಪಳ ಸೀಮೆಯಿಂದ ಧಾರವಾಡದವರೆಗೆ 1878ರ ತನಕ ಬರವೇ ಬರ. ಜೋಳದ ನಾಡಿನಲ್ಲಿ ಜೋಳವಿಲ್ಲ. ಹೆತ್ತವರನ್ನು ಕಳೆದುಕೊಂಡ ಅನೇಕ ಮಕ್ಕಳನ್ನು ಬಾಸೆಲ್ ಮಿಷನ್ ತನ್ನ ಅನಾಥಾಲಯಗಳಲ್ಲಿ ಸಾಕಿತು. 1834ರಲ್ಲಿ ಮಂಗಳೂರಿಗೆ ಬಂದಿದ್ದ ಈ ಮಿಷನ್, ಅಷ್ಟು ಹೊತ್ತಿಗೆ ಕೊಪ್ಪಳದ ನೆರೆಯ ಗದಗ-ಬೆಟಗೇರಿಯಲ್ಲೂ ನೆಲೆಯೂರಿತ್ತು.

ಇವರು ಗಂಜಿಗಾಗಿ ಜಾತಿ ಬಿಟ್ಟವರು ಎಂದು ಹಂಗಿಸುವವರಿದ್ದರು. ಸ್ವಲ್ಪ ನಿಜವೂ ಇದ್ದೀತು. ಹಸಿದ ಮಗುವಿಗೆ ಯಾವ ಮತ? ಆದರೆ ದೊಡ್ಡವರ ಪಾಲಿಗೆ ಕ್ರೈಸ್ತರಾಗುವುದೆಂದರೆ ಮನೆ, ನಂಟರು, ಕುಲಕಸುಬು ಕಳೆದುಕೊಳ್ಳುವುದೇ ಆಗಿತ್ತು. ಮಿಷನ್ ನೇಯ್ಗೆ, ಹೆಂಚಿನ ಕಾರ್ಖಾನೆಗಳನ್ನು ತೆರೆದದ್ದು ಇಂಥವರ ಹೊಟ್ಟೆಪಾಡಿಗಾಗಿಯೂ ಹೌದು.

ನಿಜವಾದ ಪರೀಕ್ಷೆ 1914ರಲ್ಲಿ ಬಂತು. ಮಹಾಯುದ್ಧ ಆರಂಭವಾಗಿ, ಬ್ರಿಟಿಷ್ ಸರಕಾರ ಜರ್ಮನ್ ಮಿಷನರಿಗಳನ್ನು ಬಂಧನ ಶಿಬಿರಗಳಿಗೆ ಕಳಿಸಿತು. ಮುಂದೆ ಕಾರ್ಖಾನೆಗಳೂ ಮಿಷನ್ನಿನ ಕೈತಪ್ಪಿದವು. ಗಂಜಿಯೇ ಕಾರಣವಾಗಿದ್ದರೆ ಸಭೆಗಳು ಅಂದೇ ಚದುರಬೇಕಿತ್ತು. ಚದುರಲಿಲ್ಲ. ಬಳ್ಳಾರಿಯ ಲಂಡನ್ ಮಿಷನ್ನಿನವರ ಶ್ರಮದಿಂದ ಇಡೀ ಬೈಬಲ್ 1831ರ ವೇಳೆಗೇ ಕನ್ನಡಕ್ಕೆ ಬಂದಿತ್ತು. ಅದರ ಕೀರ್ತನೆಗಳಲ್ಲಿ ಸ್ತುತಿಯಷ್ಟೇ ಗೋಳೂ ಇದೆ. ನೊಂದವರು ದೇವರೊಡನೆ ಜಗಳಕ್ಕೇ ನಿಲ್ಲುತ್ತಾರೆ. ಅವನ್ನು ಓದಿಸಿ, ಹಾಡಿಸಿ ಆರಾಧನೆ ನಡೆಸಿದವರು ಇಲ್ಲಿಯವರೇ ಆದ ಬೋಧಕರು. ಬರದ ವರ್ಷ ಅನಾಥರಾಗಿ ಬಂದಿದ್ದ ಮಕ್ಕಳು ಅಷ್ಟರಲ್ಲಿ ನಡುವಯಸ್ಸಿಗೆ ಬಂದಿದ್ದರು.