ತೊಟ್ಟಿಲ ಬಣ್ಣ, ಹಸುಳೆಯ ಬಾಯಿ

ಮನೆಗೆ ಮಗು ಬರಲಿದೆಯೆಂಬ ಸಂತಸದ ವಾರ್ತೆ ಕಿವಿಗೆ ಬಿದ್ದೊಡನೆ, ಮರಗೆಲಸದಲ್ಲಿ ಅಭಿರುಚಿಯುಳ್ಳ ಗೃಹಸ್ಥನ ಕೈ ಸುಮ್ಮನಿರದು. ಹಿತ್ತಿಲಿಗೆ ಹಲಗೆಗಳು ಬರುತ್ತವೆ. ಗರಗಸ, ಉಳಿ, ಕೀಸುಳಿಗಳ ಸದ್ದು ಕೇಳತೊಡಗುತ್ತದೆ. ಕೆಲವು ವಾರಗಳಲ್ಲಿ ತೊಟ್ಟಿಲು ಸಿದ್ಧವಾಗಿ ನಿಲ್ಲುತ್ತದೆ. ಉಳಿದುದು ಬಣ್ಣವೊಂದೇ. ಯಾವ ಬಣ್ಣ ಅಂದವಾದೀತೆಂದು ಮನೆಯವರೆಲ್ಲ ಚರ್ಚಿಸುತ್ತಾರೆ. ಆದರೆ ತೊಟ್ಟಿಲ ಒಡೆಯನು ಬಣ್ಣವನ್ನು ಕಣ್ಣಿನಿಂದ ನೋಡಿ ತೃಪ್ತನಾಗುವವನಲ್ಲ. ಹಲ್ಲು ಮೊಳೆಯುವ ಕಾಲಕ್ಕೆ ಅಂಚನ್ನು ಕಚ್ಚಿ, ಚೀಪಿ, ರುಚಿ ನೋಡಿಯೇ ತೀರುವವನು!

ಈ ಚಿಕ್ಕ ಸಂಗತಿಯನ್ನು ಮರೆತುದಕ್ಕೆ ಜಗತ್ತು ದೊಡ್ಡ ಬೆಲೆ ತೆತ್ತಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದಲ್ಲಿ ಅನೇಕ ಮಕ್ಕಳಿಗೆ ಸೀಸದ ವಿಷವೇರಿದುದನ್ನು ವೈದ್ಯರು ಕಂಡರು. ಅದರ ಮೂಲವನ್ನು 1904ರಲ್ಲಿ ಬೆರಳಿಟ್ಟು ತೋರಿಸಿದವರು ಲಾಕ್‌ಹಾರ್ಟ್ ಗಿಬ್ಸನ್ ಎಂಬ ಕಣ್ಣಿನ ವೈದ್ಯರು. ಜಗುಲಿಯ ಮರದ ಕಟಾಂಜನಗಳಿಗೆ ಬಳಿದಿದ್ದ ಸೀಸದ ಬಣ್ಣ ಬಿಸಿಲಿಗೆ ಪುಡಿಯಾಗಿ, ಆಡುವ ಮಕ್ಕಳ ಬೆರಳಿಗಂಟಿ, ಬೆರಳಿನಿಂದ ಬಾಯಿಗೆ ಸೇರುತ್ತಿತ್ತು. 1922ರಲ್ಲಿ ಅಲ್ಲಿಯ ಸರ್ಕಾರ, ಮಕ್ಕಳ ಕೈಗೆಟುಕುವ ಕಡೆ ಇಂಥ ಬಣ್ಣ ಬಳಿಯುವುದನ್ನು ಕಾನೂನಿನಿಂದ ತಡೆಯಿತು.

ಸೀಸವು ಬೆಳೆಯುವ ಮೆದುಳಿಗೆ ಶತ್ರು. ನುಂಗಿದ ಸೀಸದಲ್ಲಿ ದೊಡ್ಡವರ ದೇಹ ಹೀರುವುದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚಿನ ಪಾಲನ್ನು ಮಗುವಿನ ದೇಹ ಹೀರಬಲ್ಲದು. ಹೊರಗೆ ಯಾವ ಲಕ್ಷಣವೂ ತೋರದೆ ಕಲಿಯುವ ಶಕ್ತಿ ಕುಂದಬಹುದು. ಇಷ್ಟಿದ್ದರೆ ಅಪಾಯವಿಲ್ಲ ಎನ್ನಬಹುದಾದ ಅಳತೆಯೇ ಇದಕ್ಕಿಲ್ಲ. ಭಾರತದಲ್ಲಿ 2016ರ ನಿಯಮವು ಮನೆಬಳಕೆಯ ಬಣ್ಣದ ಹತ್ತು ಲಕ್ಷ ಪಾಲಿನಲ್ಲಿ ಸೀಸ 90 ಪಾಲು ಮೀರಬಾರದೆಂದು ವಿಧಿಸಿ, 2017ರ ನವೆಂಬರಿನಿಂದ ಜಾರಿಗೆ ಬಂತು. ಕೈಗಾರಿಕೆಯ ಬಣ್ಣಗಳಿಗೆ ಆ ನಿಯಮ ಅನ್ವಯಿಸದು. ಆದುದರಿಂದ ಯಂತ್ರಕ್ಕೋ ವಾಹನಕ್ಕೋ ತಂದು ಮಿಕ್ಕ ಡಬ್ಬಿ ತೊಟ್ಟಿಲ ಬಳಿಗೆ ಸುಳಿಯಕೂಡದು.

ಬಣ್ಣಕ್ಕೆ ಮುನ್ನ ಮರ ಹದಗೊಳ್ಳಬೇಕು. ಮೂಲೆ ಅಂಚುಗಳನ್ನು ದುಂಡಗೆ ಮಾಡಿ, ಒರಟು ಮರಳುಕಾಗದದಿಂದ ನಯವಾದುದರವರೆಗೆ ಎಳೆಯ ಗುಂಟ ಉಜ್ಜಬೇಕು. ಬಳಿಕ ಒದ್ದೆ ಬಟ್ಟೆಯಿಂದ ಒರೆಸಿದರೆ ಅಡಗಿದ್ದ ಎಳೆಗಳು ಮೇಲೇಳುತ್ತವೆ. ಒಣಗಿದ ಮೇಲೆ ಇನ್ನೊಮ್ಮೆ ಉಜ್ಜಿದರೆ ಸಿಬಿರು ಏಳದು. ನೀರಿನಲ್ಲಿ ಕಲಸುವ ಒಳಮನೆಯ ಬಣ್ಣವಾದರೆ ತೆಳುವಾಗಿ ಎರಡು ಮೂರು ಸಲ ಬಳಿಯುವುದು ಲೇಸು. ಮರದ ಸ್ವಂತ ಸೊಬಗೇ ಸಾಕೆನ್ನುವವರು ಶುದ್ಧ ಅಗಸೆ ಎಣ್ಣೆ ಸವರಬಹುದು. ಬೇಗ ಒಣಗಲೆಂದು ಲೋಹದ ಲವಣ ಬೆರೆಸಿದ ಎಣ್ಣೆ ಬೇಡ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ತಾನಾಗಿಯೇ ಕಾವೇರಿ ಹೊತ್ತಿಕೊಳ್ಳಬಹುದು. ಅದನ್ನು ನೀರಿನಲ್ಲಿ ನೆನೆಸಿಡಬೇಕು.

ಕಡೆದ ಸರಳುಗಳಿಗೆ ಚನ್ನಪಟ್ಟಣದ ಮಾರ್ಗವಿದೆ. ಅಲ್ಲಿ ಯಂತ್ರದ ಮೇಲೆ ತಿರುಗುವ ಆಲೆ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜಿದ ಕಾವಿಗೆ ಅರಗು ಕರಗಿ ಮರವನ್ನು ಅಪ್ಪುತ್ತದೆ. ಗರಿಯಿಂದ ತಿಕ್ಕಿದರೆ ಕನ್ನಡಿಯಂತೆ ಹೊಳೆಯುತ್ತದೆ. ಅರಗು ನಿರಪಾಯ, ಔಷಧದ ಗುಳಿಗೆಗೂ ಅದನ್ನು ಲೇಪಿಸುವುದುಂಟು. ಆದರೆ ಅದಕ್ಕೆ ಬೆರೆಸಿದ ಬಣ್ಣ ಯಾವುದೆಂದು ಕೇಳಿಯೇ ಕೊಳ್ಳಬೇಕು.

ಅಟ್ಟದಿಂದ ಇಳಿಸಿದ ಅಜ್ಜನ ಕಾಲದ ತೊಟ್ಟಿಲ ಮಾತು ಬೇರೆ. ಅದರ ಹಳೆಯ ಬಣ್ಣವನ್ನು ಒಣಗಿದಂತೆಯೇ ಉಜ್ಜಿದರೆ ವಿಷದ ಧೂಳು ಮನೆಯೆಲ್ಲ ಹರಡೀತು. ಬೆಂಕಿಯಿಂದ ಸುಟ್ಟು ತೆಗೆಯುವುದಂತೂ ಇನ್ನೂ ಕೇಡು. ಸೀಸವಿಲ್ಲವೆಂದು ಪರೀಕ್ಷೆಯಿಂದ ತಿಳಿಯುವವರೆಗೆ ಅದನ್ನು ಮುಟ್ಟದಿರುವುದೇ ಜಾಣತನ. ಬಸುರಿಯನ್ನೂ ಮಕ್ಕಳನ್ನೂ ಅದರಿಂದ ದೂರವಿಡಬೇಕು. ಅಜ್ಜನ ಮೇಲಣ ಪ್ರೀತಿಗೆ ಮೊಮ್ಮಗುವಿನ ಆರೋಗ್ಯ ಬಲಿಯಾಗಬಾರದಲ್ಲವೆ?

ಬಣ್ಣ ಹಚ್ಚಿದ ತೊಟ್ಟಿಲು ವಾಸನೆ ಪೂರ್ತಿ ಹೋಗುವವರೆಗೆ ಗಾಳಿಯಾಡುವೆಡೆಯಲ್ಲಿರಲಿ. ನಾಮಕರಣಕ್ಕೆ ಬಹಳ ಮೊದಲೇ ಕೆಲಸ ಮುಗಿಯಲಿ. ಕೊನೆಗೊಂದು ಕೆಲಸವಿದೆ. ತೊಟ್ಟಿಲ ತಳದಲ್ಲಿ ಬಣ್ಣದ ಹೆಸರನ್ನೂ ಬಳಿದ ವರ್ಷವನ್ನೂ ಸೀಸದ ಕಡ್ಡಿಯಿಂದ ಬರೆದಿಡಬೇಕು. ಹೆಸರಿಗೆ ಸೀಸವಾದರೂ ಆ ಕಡ್ಡಿಯಲ್ಲಿರುವುದು ಗ್ರಾಫೈಟ್, ಅದರಿಂದ ಭಯವಿಲ್ಲ. ಮುಂದೊಂದು ದಿನ ಆ ತೊಟ್ಟಿಲನ್ನು ಅಟ್ಟದಿಂದ ಇಳಿಸುವ ಇನ್ನೊಬ್ಬ ತಂದೆಗೆ ಆ ಎರಡು ಸಾಲುಗಳು ನೆಮ್ಮದಿ ತಂದಾವು.